ಸೀಮೆ ದಾಟದ ಎಲುಬು

2003ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ ಐದೂವರೆ. ಸ್ಥಳ, ಕೊಟ್ಟೂರಿನ ನಮ್ಮ ಮನೆಯ ಹಿತ್ತಲ ಕೋಣೆ. ಹಾಜರಿದ್ದವರು ನಾನು, ನನ್ನ ತಮ್ಮನ ಮಗಳು, ಮತ್ತು ಬಾಗಿಲ ಹೊರಗೆ ನನ್ನ ಯಜಮಾನರು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಆಸ್ಪತ್ರೆಗಳಲ್ಲಿ ಸಿಸ್ಟರ್ ಆಗಿದ್ದು ನಿವೃತ್ತಳಾದವಳು ನಾನು. ಪಾಳಿ ಬದಲಾಗುವಾಗ ಮುಂದಿನವಳಿಗೆ ಹೀಗೆಯೇ ವರದಿ ಒಪ್ಪಿಸಿ ರೂಢಿ. ಬೇರೆ ರೀತಿ ಶುರು ಮಾಡಲು ನನಗೆ ಬರುವುದಿಲ್ಲ.

ಯಜಮಾನರು ಹೊರಗೆ ನಿಂತದ್ದಕ್ಕೆ ಕಾರಣವಿತ್ತು. ಒಳಗೆ ಕುಕ್ಕರ್ ಕೂಗುತ್ತಿತ್ತು, ಆದರೆ ಬೇಯುತ್ತಿದ್ದದ್ದು ತೊಗರಿಬೇಳೆಯಲ್ಲ. ಸೂಜಿ, ಗಾಜಿನ ಸಿರಿಂಜು, ಚಿಮಟ ಮತ್ತು ಒಂದು ಸಣ್ಣ ಗರಗಸ. ಇಷ್ಟನ್ನು ಅವರು ಸಹಿಸಿಕೊಂಡಿದ್ದರು. ಸಹಿಸಲಾಗದ್ದು ಮಧ್ಯಾಹ್ನದ ಹೊತ್ತಿಗೆ ಬರಲಿದ್ದ ವಸ್ತು, ಕುರಿಯ ತೊಡೆಯ ಎಲುಬು. ನಮ್ಮದು ಮೊಟ್ಟೆ ಕೂಡ ಒಳಗೆ ಬಾರದ ಮನೆ. ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ಯಜಮಾನರು ಮಾಂಸದಂಗಡಿ ಇರುವ ಓಣಿ ತಪ್ಪಿಸಲು ಊರು ಸುತ್ತಿ ಬರುವವರು. ಮೂರು ದಿನ ಮಾತುಕತೆಯಾದ ಮೇಲೆ, ಎಲುಬು ಹಿತ್ತಲ ಬಾಗಿಲಿನಿಂದಲೇ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗಬೇಕು, ತಮ್ಮ ಕಣ್ಣಿಗೆ ಬೀಳಬಾರದು ಎಂಬ ಒಪ್ಪಂದಕ್ಕೆ ಬಂದಿದ್ದರು.

ಎಲುಬು ಯಾಕೆ ಬೇಕಾಗಿತ್ತೆಂದು ಹೇಳಬೇಕು. ತಮ್ಮನ ಮಗಳು ದಾವಣಗೆರೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮೈಯೊಳಗೆ ಇಟ್ಟರೆ ಕಾಲ ಕಳೆದಂತೆ ತಾನೇ ಕರಗಿ ಹೋಗುವ ಒಂದು ಜಾತಿಯ ಪ್ಲಾಸ್ಟಿಕ್ ಇದೆ. ಎಲುಬಿನ ಮಜ್ಜೆಯಲ್ಲಿ ಕಾಂಡಕೋಶಗಳೆಂಬ ಕಣಗಳಿರುತ್ತವೆ, ಬೇಕಾದಾಗ ಎಲುಬಾಗಿ ಬೆಳೆಯಬಲ್ಲವು. ಆ ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಈ ಕಣಗಳನ್ನು ಬೆಳೆಸಿ ಮುರಿದ ಜಾಗದಲ್ಲಿ ಕೂರಿಸಿದರೆ, ಎಲುಬು ಕೂಡಿಕೊಳ್ಳುವ ಹೊತ್ತಿಗೆ ಪ್ಲಾಸ್ಟಿಕ್ ಮಾಯವಾಗಿರಬೇಕು. ಇದು ಅವಳ ಕನಸು. ತೊಡಕೆಂದರೆ ಆ ಪ್ಲಾಸ್ಟಿಕ್ಕಿಗೆ ನೀರು ಆಗದು. ನೀರಾಗದ ಕಡೆ ಕಣಗಳೂ ಕೂರವು, ಜಾರಿ ಹೋಗುತ್ತವೆ. ನುಣುಪು ಗೋಡೆಗೆ ಗಿಲಾವು ಹಿಡಿಯುವುದಿಲ್ಲವೆಂದು ಮೊದಲು ಅದಕ್ಕೆ ಕಚ್ಚು ಹಾಕುತ್ತಾರಲ್ಲ, ಹಾಗೆ ಆ ಹಾಳೆಯ ಮೈಯನ್ನೂ ಬದಲಾಯಿಸಬೇಕು. ಅದಕ್ಕೊಂದು ಯಂತ್ರ. ಅದರೊಳಗೆ ಮಿಂಚಿನಂತೆ ಹೊಳೆಯುವ ಗಾಳಿ ಹಾಳೆಯ ಮೈ ಸವರುತ್ತದೆ, ಆಮೇಲೆ ಅದಕ್ಕೆ ನೀರು ಒಗ್ಗುತ್ತದೆ.

ಆದರೆ ಆ ಗುಣ ನಿಲ್ಲುವುದಿಲ್ಲ. ದಿನ ಕಳೆದಂತೆ ಹಾಳೆ ತನ್ನ ಹಳೇ ಸ್ವಭಾವಕ್ಕೇ ಮರಳುತ್ತದೆ. ಯಂತ್ರ ಇದ್ದದ್ದು ದೂರದ ಊರಿನಲ್ಲಿ. ಕಾದು ಕಾದು ಹುಡುಗಿಗೆ ಒಂದು ಪಾಳಿ ಸಿಕ್ಕಿತ್ತು, ಇನ್ನೊಂದು ಮಳೆಗಾಲಕ್ಕೆ ಮೊದಲು ಇರಲಿಲ್ಲ. ಅವಳ ಫೆಲೋಶಿಪ್ಪು ಮುಗಿಯುವುದು ಮಾರ್ಚಿಗೆ. ಕಟುಕರಿಂದ ತಂದ ಎಲುಬಿನಲ್ಲಿ ಎರಡು ಸಲ ಪ್ರಯತ್ನಿಸಿ ಕೆಡಿಸಿಕೊಂಡಿದ್ದಳು. ಎಷ್ಟು ಹೇಳಿದರೂ ಅವರು ಕೈರೂಢಿಯಲ್ಲಿ ಒಂದು ಏಟು ಹಾಕಿಯೇ ಕೊಡುತ್ತಿದ್ದರು, ಬಿರುಕಿನಿಂದ ಹೊಲಸು ಒಳಗೆ ಹೋಗಿ ಮಜ್ಜೆ ಹಾಳಾಗುತ್ತಿತ್ತು. ಈ ವಾರ ಹಾಳೆಗಳ ಮೇಲೆ ಜೀವಂತ ಕಣ ಬೀಳದಿದ್ದರೆ ಐದು ವರ್ಷದ ಕೆಲಸಕ್ಕೆ ಕೊನೆಯ ಅಧ್ಯಾಯವೇ ಇಲ್ಲ. ಓದಿದ್ದು ಸಾಕು, ಮನೆಗೆ ಬಾ ಎಂದು ನನ್ನ ತಮ್ಮ ಆಗಲೇ ಹೇಳಿಕಳಿಸಿದ್ದ.

ಎಲುಬು ಸಿಕ್ಕ ಕೂಡಲೇ ಹತ್ತಿರದ ನಮ್ಮ ಮನೆಯಲ್ಲೇ ಮಜ್ಜೆ ತೆಗೆದು, ಹಾಳೆಗಳಿದ್ದ ದಾವಣಗೆರೆಗೆ ಒಯ್ಯುವುದೆಂದು ಗೊತ್ತುಮಾಡಿದ್ದೆವು. ಪರೀಕ್ಷೆಗೆಂದು ಅವಳು ಹಾಳೆಯ ಒಂದು ತುಣುಕನ್ನು ಕೊಟ್ಟೂರಿಗೆ ತಂದಿದ್ದಳು. ದಿನಾ ಬೆಳಿಗ್ಗೆ ಅದರ ಮೇಲೆ ಒಂದು ಹನಿ ನೀರು ಬಿಡುವುದು. ಹನಿ ಹರಡಿಕೊಂಡರೆ ಗುಣ ಉಳಿದಿದೆ, ಮಣಿಯಂತೆ ಎದ್ದು ಕೂತರೆ ಹೋಗಿದೆ. ಯಜಮಾನರಿಗೆ ಇದೊಂದರಲ್ಲಿ ವಿಪರೀತ ಆಸಕ್ತಿ. ಸ್ನಾನ, ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದು ಬಗ್ಗಿ ನೋಡುತ್ತಿದ್ದರು. ಆ ಮಂಗಳವಾರ ಹೊರಗಿನಿಂದಲೇ ಕತ್ತು ಚಾಚಿ ನೋಡಿ, ಹನಿ ನಿನ್ನೆಗಿಂತ ಸ್ವಲ್ಪ ಎದ್ದು ಕೂತಿದೆ ಎಂದರು. ನಾನು ಒಲೆ ಆರಿಸಿದೆ. ಕುಕ್ಕರಿನ ಮುಚ್ಚಳ ಯಾರೂ ತೆರೆಯಬಾರದೆಂದು ಹೇಳಿ, ಐಸ್ ತುಂಬಿದ ಡಬ್ಬಿ ಹಿಡಿದು ಅವಳನ್ನು ಕರೆದುಕೊಂಡು ಬಸ್ ಹತ್ತಿದೆ.

ಇಟ್ಟಿಗಿಯಿಂದ ಒಳಗಿನ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆತನವೊಂದು ನನಗೆ ಬೇಕಾದವರು. ಆ ಮನೆಯ ಯಜಮಾನನ ಹೆಂಡತಿಯ ಕಷ್ಟದ ಹೆರಿಗೆ ಹಡಗಲಿಯಲ್ಲಿ ನನ್ನ ಪಾಳಿಯಲ್ಲೇ ಆಗಿತ್ತು. ಅಂದಿನಿಂದ ನಮ್ಮ ಮನೆಗೆ ಕಂಬಳಿಯ ಕೊರತೆ ಆಗಿಲ್ಲ. ಮಂಗಳವಾರ ಮನೆಯಲ್ಲಿ ದೇವರು ಮಾಡುತ್ತೇವೆ, ಎಳೆಯ ಟಗರು ಕಡಿಯುತ್ತೇವೆ, ಅದರ ಎಲುಬು ಕೊಡುತ್ತೇನೆ ಎಂದು ಅವನೇ ಹೇಳಿದ್ದ. ಎರಡೂ ತುದಿಯ ಗಂಟು ಹಾಗೇ ಇರಬೇಕು, ಒಡೆಯಬಾರದು ಎಂದು ನಾನು ಬಿಡಿಸಿ ಹೇಳಿದ್ದೆ. ಮಾತಿನಂತೆಯೇ ಕೊಟ್ಟ. ಕುದಿಸಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ಎಲ್ಲ ನಾನು ಅಂದುಕೊಂಡ ಸಮಯಕ್ಕೇ ನಡೆಯಿತು. ಕೃತಜ್ಞತೆ ಹೇಳಿ ಅಂಗಳ ದಾಟುವಾಗ ದೇವರ ಮುಂದೆ ಬಡಿಯುತ್ತಿದ್ದ ಡೊಳ್ಳು ನಿಂತಿತು. ಕುರಿಯ ಯಜಮಾನ ಓಡಿ ಬಂದ.

“ಸಿಸ್ಟರಮ್ಮಾರ, ಎಲ್ಲಿಗೆ ಹೊಂಟ್ರಿ?”

“ಕೊಟ್ಟೂರಿಗೆ.”

“ಎಲುಬು?”

“ಇದ್ರಾಗ ಐತಿ.”

ಅವನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತ. ವಿಷಯ ಇಷ್ಟೇ. ಅವರ ದೇವರಿಗೆ ಕೊಟ್ಟ ಕುರಿಯದು ಒಂದು ತುಣುಕೂ ಊರ ಸೀಮೆ ದಾಟುವಂತಿಲ್ಲ. ಬಂದ ನೆಂಟರು ಅಲ್ಲೇ ಉಣ್ಣಬೇಕು, ಅಲ್ಲೇ ಕೈ ತೊಳೆಯಬೇಕು, ಉಳಿದ ಎಲುಬೆಲ್ಲ ಹಟ್ಟಿಯ ಪಕ್ಕದ ಗುಂಡಿಗೆ. ಇದು ಸುತ್ತಲ ಊರಿನ ಕೂಸಿಗೂ ಗೊತ್ತು. ಇಂಥ ಊಟಕ್ಕೆ ಹುಟ್ಟಿದಂದಿನಿಂದ ಹೋಗದ ನಮ್ಮಂಥ ಮನೆಯವರಿಗೆ ಮಾತ್ರ ಗೊತ್ತಿಲ್ಲ. ಕೊಡುತ್ತೇನೆಂದು ಮಾತು ಕೊಟ್ಟವನು ನೀನೇ ಅಲ್ಲವೇ ಎಂದು ಕೇಳಿದೆ.

“ಕೊಡ್ತೀನಿ ಅಂದಿದ್ದು ಖರೇರಿ. ಒಯ್ರಿ ಅಂತ ಯಾವಾಗ ಅಂದೆ? ಇಲ್ಲೇ ಏನರ ಕಷಾಯ ಕುದಿಸಿ ಈ ಹುಡುಗಿಗೆ ಕುಡಸ್ತೀರಿ ಅನ್ಕಂಡಿದ್ದೆ. ಬಾಳ ಸಣ್ಣ ಆಗ್ಯಾಳಲ್ಲ.”

ಹುಡುಗಿ ನಿಜಕ್ಕೂ ಸಣ್ಣಗಾಗಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಅವಳು ಅಳಲು ನಾನು ಸಮಯ ಕೊಡಲಿಲ್ಲ. ಎಲುಬು ಮನೆಗೆ ಬಾರದಿದ್ದರೆ ಮನೆಯೇ ಎಲುಬಿನ ಹತ್ತಿರ ಬರಬೇಕು. ಕಿರಾಣಿ ಅಂಗಡಿಯ ನಾಣ್ಯದ ಫೋನಿನಿಂದ ಕೊಟ್ಟೂರಿಗೆ ಮಾಡಿದೆ. ಎಲುಬು ಆ ಊರಿನಿಂದ ಹೊರಡುವಂತಿಲ್ಲ ಎಂದು ಕೇಳಿದ ಯಜಮಾನರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ. ಆ ಪದ್ಧತಿ ಮಾಡಿದವರು ಬಹಳ ತಿಳಿದವರು, ಹಿರಿಯರ ಕಟ್ಟಳೆ ಮುರಿಯಬಾರದು, ಅವರ ದೇವರಿಗೆ ನನ್ನದೂ ಒಂದು ನಮಸ್ಕಾರ ಹೇಳು ಎಂದರು. ಸರಿ, ಹಾಗಾದರೆ ಕುಕ್ಕರಿನಲ್ಲಿರುವುದನ್ನು ಬೇರೆ ಪಾತ್ರೆಗೆ ಹಾಕದೆ, ಕಣಗಳಿಗೆ ಆಹಾರವಾಗುವ ಗುಲಾಬಿ ಬಣ್ಣದ ನೀರಿನ ಸೀಸೆಗಳನ್ನು, ನೀಲಿ ಬಣ್ಣದ ಚಿಕ್ಕ ಸೀಸೆಯನ್ನು, ಸ್ಪಿರಿಟ್ ದೀಪವನ್ನು, ಮರದ ಪೆಟ್ಟಿಗೆಯಲ್ಲಿರುವ ಸೂಕ್ಷ್ಮದರ್ಶಕವನ್ನು ತೆಗೆದುಕೊಂಡು ಕೂಡಲೇ ಇಲ್ಲಿಗೆ ಬನ್ನಿ ಎಂದೆ.

“ನಾನಾ?” ಎಂದರು.

ಬಂದರು. ಮೊಪೆಡ್ಡಿನ ಮುಂದೆ ಸೂಕ್ಷ್ಮದರ್ಶಕದ ಪೆಟ್ಟಿಗೆ, ಹಿಂದೆ ಹತ್ತಿ ಚೀಲಕ್ಕೆ ಕಟ್ಟುವ ಹುರಿಯಿಂದ ಬಿಗಿದ ಕುಕ್ಕರ್. ಮುಚ್ಚಳ ಮುಟ್ಟಲು ಅಂಜಿ ಸೀಟಿಯನ್ನೂ ತೆಗೆಯದೆ ತಂದಿದ್ದರು. ನಾನು ತರಬೇತಿ ಕೊಟ್ಟ ಎಷ್ಟೋ ಹುಡುಗಿಯರು ಇಷ್ಟು ಶುದ್ಧವಾಗಿ ಸಾಮಾನು ಸಾಗಿಸಿದ್ದಿಲ್ಲ. ಹೊಗಳಿದೆ. ಅವರು ಅದಕ್ಕೆ ಕಿವಿಗೊಡದೆ, ಈ ಕುಕ್ಕರ್ ಇನ್ನು ನಮ್ಮ ಮನೆಯದಲ್ಲ, ಇಲ್ಲಿಯವರಿಗೇ ಕೊಟ್ಟು ಬಾ ಎಂದರು.

ಹಟ್ಟಿಯಲ್ಲಿ ಗಾಳಿ ಬಾರದ ಮೂಲೆಯೊಂದನ್ನು ಆರಿಸಿದೆ. ನೆಲಕ್ಕೆ ನೀರು ಚಿಮುಕಿಸಿ, ಸುತ್ತಲೂ ಒದ್ದೆ ಪಂಚೆ ಕಟ್ಟಿಸಿ, ಸ್ಪಿರಿಟ್ ದೀಪ ಹಚ್ಚಿ, ಡೊಳ್ಳಿನವರನ್ನೂ ಸೇರಿಸಿ ಎಲ್ಲರ ಬಾಯಿಗೂ ಬಟ್ಟೆ ಕಟ್ಟಿಸಿದೆ. ದೇವರ ಊಟಕ್ಕೆ ಬಂದ ನೆಂಟರು ದರೋಡೆಕೋರರ ಹಾಗೆ ಸಾಲಾಗಿ ಕೂತರು. ಹುಡುಗಿ ಎಲುಬಿನ ಎರಡೂ ತುದಿ ಕೊಯ್ದಳು. ಸೂಜಿಯಿಂದ ಆ ಗುಲಾಬಿ ಬಣ್ಣದ ನೀರು ಒಂದು ಕಡೆ ನುಗ್ಗಿಸಿದರೆ ಇನ್ನೊಂದು ಕಡೆಯಿಂದ ಮಜ್ಜೆ ಸೀಸೆಗೆ ಇಳಿಯಿತು. ಗರಗಸದ ಸದ್ದು ಕೇಳಿ ಯಜಮಾನರು ಗೋಡೆಯ ಕಡೆ ಮುಖ ಮಾಡಿ ವಚನ ಹೇಳತೊಡಗಿದ್ದರು.

ಇಷ್ಟು ಹೊತ್ತೂ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವಳು ಆ ಮನೆಯ ಹಿರಿಯ ಅಜ್ಜಿ, ಯಜಮಾನನ ತಾಯಿ. ದೇವರ ಕೆಲಸದಲ್ಲಿ ಪೂಜಾರಿ ಕೂಡ ಅವಳ ಮಾತು ಮೀರುವುದಿಲ್ಲ. ಸೀಸೆ ಡಬ್ಬಿಗೆ ಹೋಗುವಾಗ ಕೈ ಎತ್ತಿ ತಡೆದಳು.

“ಎಲುಬಿನ ಒಳಗಿಂದು ಎಲುಬಲ್ಲೇನು?”

ನಾನು ಇದನ್ನು ಯೋಚಿಸಿರಲಿಲ್ಲ. ಎಲುಬು ಇಲ್ಲೇ ಉಳಿದರೆ ಸಾಕೆಂದು ನಾವು ತಿಳಿದಿದ್ದೆವು. ಸತ್ತ ಕುರಿಯದು ಏನೂ ದಾಟುವಂತಿಲ್ಲ ಎಂದಳು ಅಜ್ಜಿ. ಆಗ ಹುಡುಗಿ ಅವಳ ಮುಂದೆ ಕೂತು, ಇವು ಸತ್ತಿಲ್ಲ, ಕುರಿ ಸತ್ತರೂ ಈ ಕಣಗಳಲ್ಲಿ ಇನ್ನೂ ಜೀವ ಇದೆ, ಸತ್ತರೆ ನನಗೂ ಬೇಕಾಗಿಲ್ಲ ಎಂದಳು. ಜನ ಒಬ್ಬರನ್ನೊಬ್ಬರು ನೋಡಿದರು. ಅಜ್ಜಿ ಎಲೆಯಡಿಕೆ ಚೀಲ ಪಕ್ಕಕ್ಕಿಟ್ಟಳು.

“ಜೀವ ಐತಿ ಅಂದ್ರ ತೋರ್ಸು.”

ಸೂಕ್ಷ್ಮದರ್ಶಕವನ್ನು ಬಿಸಿಲಿಗೆ ಇಟ್ಟೆವು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ, ಅದಕ್ಕೆ ನೀಲಿ ಬಣ್ಣ. ಸತ್ತ ಕಣ ಬಣ್ಣ ಕುಡಿದು ನೀಲಿಯಾಗುತ್ತದೆ, ಬದುಕಿದ್ದು ಕುಡಿಯುವುದಿಲ್ಲ ಎಂದು ಹುಡುಗಿ ವಿವರಿಸಿದಳು.

“ನಮ್ಮೂರಾಗ ಉಲ್ಟಾ. ಬದುಕಿದ್ದವರಽ ಕುಡಿಯೋದು,” ಎಂದು ಅಜ್ಜಿ ಮಗನ ಕಡೆ ನೋಡಿದಳು. ಮಗ ಡೊಳ್ಳಿನ ಕಡೆ ನೋಡಿದ.

ಅಜ್ಜಿ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತದೆಯೇ, ಕರ್ರಗೆ ಕಾಲುಗಳಿವೆ, ಸಾಲಾಗಿ ನಿಂತು ಮಿಸುಕಾಡುತ್ತಿವೆ, ಹುಡುಗಿ ಹೇಳಿದ್ದು ಖರೆ, ಜೀವ ಐತಿ ಎಂದಳು. ನೆಂಟರಲ್ಲಿ ಗುಜುಗುಜು ಎದ್ದಿತು. ಡೊಳ್ಳಿನವನು ಖುಷಿಗೆ ಒಂದು ಪೆಟ್ಟು ಹಾಕಿದ.

ನನಗೆ ಗೊತ್ತಾಯಿತು. ನರ್ಸಿಂಗ್ ಕಲಿಯಲು ಬಂದ ಹುಡುಗಿಯರೆಲ್ಲ ಮೊದಲ ದಿನ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಅದನ್ನೇ, ತಮ್ಮದೇ ಕಣ್ಣಿನ ರೆಪ್ಪೆಯನ್ನು. ಯಜಮಾನರಿಗೂ ಹೊಳೆದಿರಬೇಕು, ಹುಡುಗಿಯ ಮೊಣಕೈ ಹಿಡಿದು, ಬಸ್ ಬರುವ ಹೊತ್ತಾಯಿತು, ಸೀಸೆ ಎತ್ತು ಎಂದು ಪಿಸುಗುಟ್ಟಿದರು. ಹತ್ತಿ ಅಂಗಡಿಯಲ್ಲಿ ವ್ಯವಹಾರ ಕುದುರಿದ ಕ್ಷಣಕ್ಕೆ ಬಾಯಿ ಮುಚ್ಚುವುದು ಅವರ ಜೀವನದ ಪಾಠ. ಹುಡುಗಿ ಸೀಸೆ ಎತ್ತಿಕೊಂಡಳು. ಎರಡು ಹೆಜ್ಜೆ ಹೋದಳು. ತಿರುಗಿ ಬಂದಳು.

“ಅಜ್ಜಿ, ಅವು ನಿಮ್ಮ ರೆಪ್ಪಿ. ಕಣಗಳು ಅಲ್ಲ.”

ಯಜಮಾನರು ಕಣ್ಣು ಮುಚ್ಚಿಕೊಂಡರು. ಅಜ್ಜಿ ಬೆರಳಿನಿಂದ ರೆಪ್ಪೆ ಮುಟ್ಟಿ ನೋಡಿಕೊಂಡಳು, ಮತ್ತೆ ಬಗ್ಗಿ ನೋಡಿ, ಬೇಕೆಂದೇ ಎರಡು ಸಲ ಕಣ್ಣು ಪಿಳುಕಿಸಿದಳು. ಆಮೇಲೆ ಅವಳ ಹೆಗಲು ಕುಲುಕತೊಡಗಿತು. ನಗುತ್ತಿದ್ದಳು. ನಗು ನಿಂತ ಮೇಲೆ, ಹಾಗಾದರೆ ನಿನ್ನವು ಎಲ್ಲಿವೆ ತೋರಿಸು ಎಂದಳು. ಹುಡುಗಿ ಪಕ್ಕದಲ್ಲಿ ಕೂತು, ಕಣ್ಣು ಎಷ್ಟು ದೂರ ಇಡಬೇಕೆಂದು ಅವಳ ಗಲ್ಲ ಹಿಡಿದು ಸರಿಪಡಿಸಿ, ನಿಧಾನವಾಗಿ ತಿರುಪು ತಿರುಗಿಸಿದಳು.

“ಹಾಂ. ರಾಗಿ ಚೆಲ್ಲಿದಂಗ ಅದಾವ. ಅಲ್ಲೊಂದು ಇಲ್ಲೊಂದು ನೀಲಿ.”

“ಬಿಳಿವು ಬದುಕ್ಯಾವು ಅಜ್ಜಿ.”

“ಅಲ್ಲಾಡವಲ್ವು.”

“ಅಲ್ಲಾಡಂಗಿಲ್ಲ. ಊರಿ ಕುಂದರಾಕ ಜಾಗ ಸಿಕ್ಕಿಲ್ಲ. ಆ ಜಾಗ ಮಾಡಿಟ್ಟು ಬಂದೀನಿ, ದಾವಣಗೆರ್ಯಾಗ. ತಡಾ ಆದ್ರ ಆ ಜಾಗಾನೂ ಕೆಡ್ತೈತಿ, ಇವೂ ಸಾಯ್ತಾವ.”

ಅಜ್ಜಿ ಎದ್ದು ಸೊಂಟ ಸರಿಮಾಡಿಕೊಂಡಳು. ಬಿತ್ತಿದ ಕಾಳೂ ಅಲ್ಲಾಡುವುದಿಲ್ಲ, ಹಾಗಂತ ಅದು ಸತ್ತಿದೆ ಎನ್ನಲಾಗದು ಎಂದು ತನಗೆ ತಾನೇ ಹೇಳಿಕೊಂಡಳು. ಬದುಕಿದ ಕುರಿ ಸೀಮೆ ದಾಟಿ ವಾರಾವಾರ ಸಂತೆಗೆ ಹೋಗುತ್ತದೆ, ದೇವರು ಅದಕ್ಕೆ ಬೇಡ ಎಂದದ್ದಿಲ್ಲ. ಆದ್ದರಿಂದ ಬಿಳಿಯವು ಹೋಗಬಹುದು, ನೀಲಿಯವು ಇಲ್ಲೇ ಇರಬೇಕು. ತೀರ್ಪು ಇಷ್ಟು.

ನಾನು ಕೂಡಲೇ ಆ ಗಾಜಿನ ಪಟ್ಟಿಯನ್ನು ತೆಗೆದು ಎಲುಬಿನ ಜೊತೆ ಗುಂಡಿಗೆ ಹಾಕಲು ಕೊಟ್ಟೆ. ಮುಗಿಯಿತು ಎಂದುಕೊಂಡೆ. ಹುಡುಗಿ ಮತ್ತೆ ಬಾಯಿ ತೆರೆದಳು. ಸೀಸೆಯೊಳಗೂ ಒಂದಿಷ್ಟು ಸತ್ತವು ಇರುತ್ತವೆ, ಅವನ್ನು ಇಲ್ಲಿ ಆರಿಸಿ ತೆಗೆಯಲು ಬರುವುದಿಲ್ಲ ಎಂದಳು. ಯಜಮಾನರು ನನ್ನನ್ನು ನೋಡಿ, ಇವಳು ನಿನ್ನ ತವರಿನವಳೇ ಸೈ ಎಂದರು.

ಅಜ್ಜಿ ಈ ಸಲ ಯೋಚಿಸಲೂ ಇಲ್ಲ.

“ಸಂತಿಗೆ ಹಿಂಡು ಹೊಡ್ಕಂಡು ಹೋಗುವಾಗ ದಾರ್ಯಾಗ ಒಂದೆರಡು ಸಾಯ್ತಾವ. ಅದಕ್ಕಂತ ಸಂತಿ ಬಿಟ್ಟೀವೇನು? ಕಣ್ಣಿಗೆ ಕಂಡದ್ದು ಇಲ್ಲೇ ಇಟ್ಟೀವಿ. ಕಾಣದ್ದು ದೇವ್ರು ನೋಡ್ಕಂತಾನ. ನಡಿ ತಂಗಿ, ಬಿಸಲಾಗ ನಿಂದ್ರಬ್ಯಾಡ.”

ಹಿಂಡು ಬಿಟ್ಟು ಹೋಗುವ ಜೀವಕ್ಕೆ ಭಂಡಾರ ಹಚ್ಚಿ ಕಳಿಸುವುದು ಅವರ ಮನೆಯ ನಡಾವಳಿ. ಅಜ್ಜಿ ಅರಿಶಿನದ ಪುಡಿ ಮುಷ್ಟಿ ತುಂಬ ಹಿಡಿದು ಸೀಸೆಗೇ ಹಚ್ಚಲು ಬಂದಳು. ಹುಡುಗಿ ಹೌಹಾರಿದಳು. ಆ ಪುಡಿಯ ಒಂದು ಚೂರು ಒಳಗೆ ಹೋದರೂ ಮುಗಿದಂತೆ. ಇಲ್ಲಿ ನನ್ನ ಅನುಭವ ಕೆಲಸಕ್ಕೆ ಬಂತು. ಆಪರೇಷನ್ ಕೋಣೆಗೆ ಹೋಗುವ ರೋಗಿಗಳ ತಾಯಂದಿರನ್ನು ನಿಭಾಯಿಸಿದವಳು ನಾನು. ಕೂಸಿಗೆ ದೃಷ್ಟಿಬೊಟ್ಟು ಇಡುವುದು ಬೇಡ, ತೊಟ್ಟಿಲಿಗೆ ಇಡಿ ಎಂದೆ. ಐಸಿನ ಡಬ್ಬಿಯ ಮುಚ್ಚಳ, ನಾಲ್ಕೂ ಪಕ್ಕ, ಹಿಡಿಕೆ, ಜೊತೆಗೆ ನಮ್ಮ ಮೂವರ ಹಣೆ, ಎಲ್ಲವೂ ಹಳದಿಯಾದವು. ಯಜಮಾನರ ವಿಭೂತಿ ಮುಚ್ಚಿಹೋಯಿತು.

ಊಟ ಮಾಡದೆ ಹೋಗುವ ನಮ್ಮಂಥವರನ್ನು ಬರಿಗೈಲಿ ಕಳಿಸಬಾರದೆಂದು ಒಂದು ಚಿಪ್ಪು ಬಾಳೆಹಣ್ಣು ಕೊಟ್ಟರು. ಯಜಮಾನರು ಸಂತೋಷದಿಂದ ಚೀಲಕ್ಕೆ ಹಾಕಿಕೊಂಡು ಸೀಮೆಯ ಕಲ್ಲಿನವರೆಗೂ ಬಂದರು. ಬಸ್ಸೂ ಬಂತು. ಜೊತೆಗೆ ಬಂದಿದ್ದ ಕುರಿಯ ಯಜಮಾನ ಆಗ ಕೈ ಮುಗಿದು, ದೇವರ ಮನೆಯಿಂದ ಬಂದದ್ದು ಹಣ್ಣಾದರೂ ಕಲ್ಲು ದಾಟುವಂತಿಲ್ಲ, ಇಲ್ಲೇ ತಿಂದುಬಿಡಿ ಎಂದ. ಹಿರಿಯರ ಕಟ್ಟಳೆಯನ್ನು ಫೋನಿನಲ್ಲಿ ಅಷ್ಟು ಹೊಗಳಿದವರು ಈಗ ಏನು ಹೇಳಿಯಾರು? ನಾನು ಒಂದು, ಹುಡುಗಿ ಒಂದು ತಿಂದೆವು. ಉಳಿದದ್ದೆಲ್ಲ ಅವರ ಪಾಲಿಗೆ. ಬಸ್ಸಿನ ಇಡೀ ಮಂದಿ ಕಿಟಕಿಯಿಂದ ನೋಡುತ್ತಿದ್ದರು. ಹರಕೆಯೇನು ಯಜಮಾನರೇ ಎಂದು ಕಂಡಕ್ಟರ್ ಕೇಳಿದ. ಬಾಯಿ ತುಂಬಿದ್ದರಿಂದ ಅವರು ಹೌದೆಂದು ತಲೆ ಆಡಿಸಿದರು. ಹರಕೆ ಎಂದ ಮೇಲೆ ಬಸ್ ಕಾಯಿತು. ಕೊನೆಯ ಸಿಪ್ಪೆಯನ್ನು ಕಲ್ಲಿನ ಈಚೆಗೇ ಬಿಟ್ಟು ಅವರು ಮೊಪೆಡ್ ಹತ್ತಿದರು, ನಾವು ಬಸ್ ಹತ್ತಿದೆವು. ಕುಕ್ಕರ್ ಅಜ್ಜಿಯ ಮನೆಯಲ್ಲೇ ಉಳಿಯಿತು.

ಹರಪನಹಳ್ಳಿಯಲ್ಲಿ ಬಸ್ ಬದಲಿಸಿದೆವು. ಡಬ್ಬಿ ನನ್ನ ತೊಡೆಯ ಮೇಲೆ ಅಲುಗದಂತೆ ಕೂತಿತ್ತು. ಪಕ್ಕದ ಹೆಂಗಸು ಅದರ ಮೇಲಿನ ಭಂಡಾರ ಕಂಡು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹುಡುಗಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಅಜ್ಜಿ ಬೇಡವೆಂದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಬರಿಗೈಲಿ ಬರುತ್ತಿದ್ದೆ ಅತ್ತಿ ಎಂದಳು. ಆಮೇಲೆ ನಿಮ್ಮ ಹಿತ್ತಲ ಕೋಣೆಯಲ್ಲಿ ಕೂತು ಒಂದು ವಾರ ಅಳುತ್ತಿದ್ದೆ ಎಂದಳು. ಒಂದು ವಾರ ಆಗದು, ಎರಡು ದಿನ ಎಂದೆ.

ದಾವಣಗೆರೆಯ ಪ್ರಯೋಗಾಲಯ ತಲುಪಿದಾಗ ಸಂಜೆಯಾಗಿತ್ತು. ಬಾಗಿಲ ಹೊರಗೆ ಡಬ್ಬಿಯನ್ನು ಸ್ಪಿರಿಟ್ಟಿನಿಂದ ಒರೆಸಿದೆ. ನನಗೂ ನಿಲುವಂಗಿ ಕೊಟ್ಟು ಒಳಗೆ ಬಿಟ್ಟುಕೊಂಡರು. ಮತ್ತೊಂದು ಸಲ ನೀಲಿ ಬಣ್ಣ ಹಾಕಿ ನೋಡಿದಳು. ಹೆಚ್ಚಿನವು ಬಿಳಿಯಾಗಿಯೇ ಇದ್ದವು. ಬದಲಾಯಿಸಿದ ಮೈಯ ಹಾಳೆಗಳು ಒಂದು ಕಡೆ, ಏನೂ ಮಾಡದ ಹಾಳೆಗಳು ಇನ್ನೊಂದು ಕಡೆ, ಪುಟ್ಟ ಬಟ್ಟಲುಗಳಲ್ಲಿ ಸಾಲಾಗಿದ್ದವು. ಅವಳು ಹನಿಗೊಳವೆ ಹಿಡಿದು ಮೊದಲ ಬಟ್ಟಲಿನ ಮೇಲೆ ಬಗ್ಗಿದಳು. ಮೊಣಕೈಯನ್ನು ಮೇಜಿಗೆ ಊರು, ಉಸಿರು ಬಿಟ್ಟಮೇಲೆ ಬಿಡು ಎಂದೆ. ಕೂಸಿನ ನರಕ್ಕೆ ಸೂಜಿ ಹಾಕುವಾಗ ನಾವು ಮಾಡುತ್ತಿದ್ದದ್ದು ಅದೇ. ಹನಿ ಹನಿಯಾಗಿ ಹಾಳೆಗಳ ಮೇಲೆ ಬಿಟ್ಟಳು.

ಕಣಗಳು ಮೈ ಬದಲಾಯಿಸಿದ ಹಾಳೆಗಳ ಸಾಲಿನಲ್ಲಿ ಊರಿ ಕೂತವು, ಇನ್ನೊಂದು ಸಾಲಿನಲ್ಲಿ ಜಾರಿದವು ಎಂಬ ಫೋನು ಮರುದಿನ ಬಂದದ್ದು, ಅದು ಮರುದಿನದ ವರದಿಗೆ ಸೇರಬೇಕು. ಆ ದಿನ ಉಳಿದಿದ್ದ ಕೆಲಸ ಮುಚ್ಚಳಗಳ ಮೇಲೆ ತಾರೀಖು, ಗಂಟೆ ಬರೆಯುವುದು. ಅವಳು ಹೇಳುತ್ತಾ ಹೋದಳು, ನಾನು ಬರೆದೆ. ಬಟ್ಟಲುಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿ ಜೋಡಿಸಿ, ಶಾಖ ಸರಿ ಇದೆಯೆಂದು ಇಬ್ಬರೂ ಓದಿ ನೋಡಿ, ಅವಳು ಬಾಗಿಲು ಮುಚ್ಚಿದಳು.